ಚಿಕಿತ್ಸೆಯಾದ ಮೇಲೂ ಉಳಿಯುವ ನೋವು

ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶವು ಅಂಡಾಶಯ, ಕರುಳು, ಮೂತ್ರಕೋಶ ಮೊದಲಾದ ಕಡೆಗಳಲ್ಲಿ ಬೆಳೆಯುವ ರೋಗಕ್ಕೆ ಎಂಡೊಮೆಟ್ರಿಯೋಸಿಸ್ ಎಂದು ಹೆಸರು. ಸಂತಾನಯೋಗ್ಯ ವಯಸ್ಸಿನ ಸುಮಾರು ಹತ್ತು ಸ್ತ್ರೀಯರಲ್ಲಿ ಒಬ್ಬರಿಗೆ ಇದು ಇರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮುಟ್ಟಿನ ನೋವನ್ನು ಸಹಿಸಿಕೊಳ್ಳಬೇಕೆಂದು ಹುಡುಗಿಯರ ಬಾಯಿ ಮುಚ್ಚಿಸುವ ರೂಢಿಯಿಂದಾಗಿ ರೋಗವು ಪತ್ತೆಯಾಗುವುದಕ್ಕೇ ವರ್ಷಗಳು ಕಳೆಯುತ್ತವೆ. ಹಾಗೆ ತಡವಾಗಿ ದೊರೆತ ಚಿಕಿತ್ಸೆಯೂ ಫಲಿಸದೆ ಹೋದರೆ ಮುಂದೇನು?

ಉಳಿದಿರುವ ನೋವು ಎಲ್ಲಿಂದ ಹೊರಡುತ್ತಿದೆಯೆಂಬುದನ್ನು ಮೊದಲು ವಿಚಾರಿಸಬೇಕು. ಶಸ್ತ್ರಕ್ರಿಯೆಯಲ್ಲಿ ರೋಗದ ಮೇಲ್ಭಾಗವನ್ನಷ್ಟೇ ಸುಟ್ಟಿದ್ದರೆ ಆಳಕ್ಕಿಳಿದ ಭಾಗವು ಉಳಿದಿರಬಹುದು. ಆಗ ಕರುಳು, ಮೂತ್ರಕೋಶಗಳ ತಜ್ಞರೂ ಜೊತೆಗಿರುವ, ಈ ರೋಗದಲ್ಲಿ ಪಳಗಿದ ವೈದ್ಯರನ್ನು ಕಾಣುವುದು ಲೇಸು.

ಔಷಧವನ್ನು ಬದಲಿಸುವುದು ಇನ್ನೊಂದು ದಾರಿ. ಇದರ ಹಿಂದಿರುವ ತತ್ತ್ವ ಬಲು ಸ್ವಾರಸ್ಯವಾದುದು. ಮೆದುಳಿನ ಹೈಪೊಥಲಾಮಸ್ ಭಾಗವು ಒಂದು ಹಾರ್ಮೋನನ್ನು ಬಿಟ್ಟುಬಿಟ್ಟು ಸ್ರವಿಸುತ್ತದೆ. ಅದರ ಕರೆಗೆ ಓಗೊಟ್ಟು ಪಿಟ್ಯುಯಿಟರಿ ಗ್ರಂಥಿಯು ಅಂಡಾಶಯದಿಂದ ಈಸ್ಟ್ರೊಜನ್ ಹೊರಡುವಂತೆ ಮಾಡುತ್ತದೆ. ಮೆದುಳಿನ ಇಂತಹ ಹಾರ್ಮೋನುಗಳನ್ನು ಶೋಧಿಸಿದ ಶ್ಯಾಲಿ ಮತ್ತು ಗಿಲ್ಲೆಮಿನ್ 1977ರ ನೊಬೆಲ್ ಪಾರಿತೋಷಿಕದಲ್ಲಿ ಪಾಲು ಪಡೆದರು. ಈ ಹಾರ್ಮೋನನ್ನು ಹೋಲುವ ಔಷಧವನ್ನು ಎಡೆಬಿಡದೆ ಕೊಟ್ಟರೆ, ಗ್ರಂಥಿಯು ಕೆಲವು ದಿನ ಕೆರಳಿ, ಅನಂತರ ಕಿವಿಗೊಡುವುದನ್ನೇ ಬಿಟ್ಟುಬಿಡುತ್ತದೆ! ಹಗಲಿರುಳೂ ಬಾಗಿಲು ಬಡಿಯುವವನಿಗೆ ಮನೆಯವರು ಉತ್ತರ ಕೊಡುವರೆ? ಈಸ್ಟ್ರೊಜನ್ ಇಳಿದಾಗ ರೋಗದ ಅಂಗಾಂಶವು ಸೊರಗುತ್ತದೆ. ಆದರೆ ಎಲುಬುಗಳೂ ಸಾಂದ್ರತೆಯನ್ನು ಕಳೆದುಕೊಳ್ಳುವುದರಿಂದ ಅಲ್ಪ ಪ್ರಮಾಣದ ಹಾರ್ಮೋನನ್ನು ಜೊತೆಗೆ ಕೊಡುವುದುಂಟು. ಗ್ರಂಥಿಯನ್ನು ಮೊದಲು ಕೆರಳಿಸದೆ ನೇರವಾಗಿ ತಡೆಯುವ ಎಲಗೊಲಿಕ್ಸ್ ಮಾತ್ರೆಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು.

ರೋಗದ ವಿಸ್ತಾರಕ್ಕೂ ನೋವಿನ ತೀವ್ರತೆಗೂ ಲೆಕ್ಕ ಕೂಡದಿರುವುದನ್ನು ನಾವು ಮರೆಯಬಾರದು. ಗರ್ಭಕೋಶದ ಸ್ನಾಯುವಿನೊಳಗೇ ಇಂತಹ ಅಂಗಾಂಶವು ಸೇರಿಕೊಂಡಿರುವ ಅಡಿನೊಮಯೋಸಿಸ್ ಎಂಬ ಬೇರೆ ವ್ಯಾಧಿಯೂ ಇರಬಹುದು. ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸದಾ ಬಿಗಿದುಕೊಂಡಿರಬಹುದು. ಬಹುಕಾಲ ನೋವುಂಡ ನರಮಂಡಲವು ತಾನೇ ಅತಿಸೂಕ್ಷ್ಮವಾಗಿ, ಸಣ್ಣ ಸಂವೇದನೆಯನ್ನೂ ನೋವೆಂದೇ ಗ್ರಹಿಸುವುದೂ ಉಂಟು. ಇದು ರೋಗಿಯ ಕಲ್ಪನೆಯಲ್ಲ. ಇಂತಹವರಿಗೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ಮಾಡುವುದಕ್ಕಿಂತ ನರಗಳ ನೋವಿನ ಔಷಧ, ಅಂಗಸಾಧನೆ, ಮನೋವೈದ್ಯಕೀಯ ನೆರವು ಇವುಗಳಿಂದ ಹೆಚ್ಚು ಪ್ರಯೋಜನವಾಗಬಹುದು.

ಗರ್ಭಕೋಶವನ್ನೇ ತೆಗೆದರೂ ಹೊರಗಿನ ಅಂಗಾಂಶವು ಉಳಿದಿದ್ದರೆ ನೋವು ಮುಂದುವರಿಯಬಹುದು. ‘ಮದುವೆಯಾಗಿ ಮಗುವಾದರೆ ಸರಿಹೋಗುತ್ತದೆ’ ಎಂಬ ಹಿರಿಯರ ಮಾತಂತೂ ಚಿಕಿತ್ಸೆಯೇ ಅಲ್ಲ. ಬಸಿರಿನಲ್ಲಿ ಕೆಲವರ ನೋವು ತಗ್ಗಿದರೂ ರೋಗವು ಅದರಿಂದ ವಾಸಿಯಾಗುವುದಿಲ್ಲ.