ಇಳಿಜಾರು ಜಮೀನಿನಲ್ಲಿ ಮನೆಯ ವಾಹನ ಶೆಡ್ಡು ಮತ್ತು ದುರಸ್ತಿ ಕೊಠಡಿ: ಮಣ್ಣು ತೆಗೆಸುವ ಮುನ್ನ ಅರ್ಜಿದಾರರು ತಿಳಿದಿರಬೇಕಾದ ವಿಷಯಗಳು

ತುಮಕೂರು ಜಿಲ್ಲೆ, ಚಿಕ್ಕನಾಯಕನಹಳ್ಳಿ ತಾಲ್ಲೂಕು, ಹುಳಿಯಾರು ಹೋಬಳಿಯ ವ್ಯಾಪ್ತಿಯಲ್ಲಿ ವಾಸದ ಮನೆಗೆ ಹೊಂದಿಕೊಂಡಂತೆ ಅಥವಾ ತೆಂಗಿನ ತೋಟದಲ್ಲಿ ವಾಹನ ನಿಲ್ಲಿಸುವ ಶೆಡ್ಡು ಮತ್ತು ಸಣ್ಣ ದುರಸ್ತಿ ಕೊಠಡಿಯನ್ನು ನಿರ್ಮಿಸಬಯಸುವ ನಾಗರಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಗುಡ್ಡಸಾಲಿನ ಅಂಚಿನಲ್ಲಿರುವ ಗ್ರಾಮಗಳಲ್ಲಿ ಹಾಗೂ ಕೆರೆ, ಹಳ್ಳಗಳ ಕಡೆಗೆ ವಾಲಿರುವ ತೋಟಗಳಲ್ಲಿ ಸಮತಟ್ಟಾದ ಜಾಗ ದೊರೆಯುವುದು ವಿರಳ. ಇಂತಹ ಕಡೆಗಳಲ್ಲಿ ಮೊದಲು ಜೆಸಿಬಿ ಕರೆಸಿ ದಿಣ್ಣೆಯನ್ನು ಕಡಿಸುವುದು, ಅನಂತರ ಶೆಡ್ಡು ನಿಲ್ಲಿಸುವುದು, ತಕರಾರು ಬಂದ ಮೇಲೆ ಅರ್ಜಿ ಸಲ್ಲಿಸುವುದು ರೂಢಿಯಲ್ಲಿದೆ. ಈ ಕ್ರಮವು ತಲೆಕೆಳಗಾಗಿರುತ್ತದೆ. ತಗಡಿನ ಶೆಡ್ಡನ್ನು ಬಿಚ್ಚಿ ಬೇರೆಡೆ ಕಟ್ಟಬಹುದು; ಕಡಿದ ಇಳಿಜಾರನ್ನು ಮೊದಲಿನಂತೆ ಗಟ್ಟಿಯಾಗಿ ಕೂಡಿಸಲು ಬರುವುದಿಲ್ಲ. ಆದುದರಿಂದ ಶೆಡ್ಡಿನ ಬಳಕೆ ಯಾವುದು, ಜಮೀನು ಯಾವ ವರ್ಗದ್ದು, ಮಳೆನೀರು ಎಲ್ಲಿಗೆ ಹೋಗುವುದು ಎಂಬ ಮೂರು ಸಂಗತಿಗಳನ್ನು ಇತ್ಯರ್ಥಪಡಿಸಿಕೊಂಡ ನಂತರವೇ ಮಣ್ಣಿಗೆ ಕೈಹಾಕತಕ್ಕದ್ದು.

ಸ್ವಂತ ಬಳಕೆಯೋ, ಕಸುಬೋ?

ತಮ್ಮ ಟ್ರ್ಯಾಕ್ಟರ್, ಟಿಲ್ಲರ್, ಪಂಪ್ ಮೋಟಾರು, ಕಾಯಿ ಸುಲಿಯುವ ಯಂತ್ರ ಮುಂತಾದವುಗಳನ್ನು ಇಡಲು ಮತ್ತು ತಾವೇ ರಿಪೇರಿ ಮಾಡಿಕೊಳ್ಳಲು ಕಟ್ಟುವ ಶೆಡ್ಡು ಒಂದು ಬಗೆ. ಊರಿನವರ ವಾಹನಗಳನ್ನು ಹಣ ಪಡೆದು ದುರಸ್ತಿ ಮಾಡಿಕೊಡುವ ಗ್ಯಾರೇಜು ಇನ್ನೊಂದು ಬಗೆ. ಎರಡೂ ಹೊರನೋಟಕ್ಕೆ ಒಂದೇ ರೀತಿ ಕಂಡರೂ ಕಾನೂನು ಇವುಗಳನ್ನು ಬೇರೆ ಬೇರೆಯಾಗಿ ಕಾಣುತ್ತದೆ.

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದ ಮೇರೆಗೆ ವ್ಯವಸಾಯದ ಜಮೀನಿನ ಅನುಭೋಗದಾರನು ಬೇಸಾಯದ ಅನುಕೂಲಕ್ಕಾಗಿ ಅದೇ ಜಮೀನಿನಲ್ಲಿ ಕೃಷಿ ಕಟ್ಟಡ, ಬಾವಿ, ತೊಟ್ಟಿ ಮುಂತಾದವುಗಳನ್ನು ನಿರ್ಮಿಸಿಕೊಳ್ಳಬಹುದಾಗಿದ್ದು, ಅದಕ್ಕೆ ಭೂಪರಿವರ್ತನೆಯ ಅಗತ್ಯವಿರುವುದಿಲ್ಲ. ಆದರೆ ಇಂತಹ ಕಟ್ಟಡವು ಹಿಡುವಳಿಯ ಶೇಕಡ 10ನ್ನು ಮೀರುವಂತಿಲ್ಲ. ತೋಟದ ಟ್ರ್ಯಾಕ್ಟರ್ ನಿಲ್ಲುವ ಶೆಡ್ಡು ಈ ಅವಕಾಶದೊಳಗೆ ಬರುತ್ತದೆ. ಅದೇ ಶೆಡ್ಡಿನ ಮುಂದೆ ಫಲಕ ತೂಗುಹಾಕಿ ಬೇರೆಯವರ ಬೈಕು, ಆಟೋ ರಿಪೇರಿಗೆ ತೊಡಗಿದ ದಿನದಿಂದ ಅದು ವ್ಯವಸಾಯೇತರ ಬಳಕೆಯಾಗುತ್ತದೆ. ಅದಕ್ಕೆ ಜಿಲ್ಲಾಧಿಕಾರಿಗಳಿಂದ ಪೂರ್ವಾನುಮತಿ ಅವಶ್ಯ. ಅನುಮತಿಯಿಲ್ಲದೆ ಬಳಸಿದಲ್ಲಿ 96ನೇ ಪ್ರಕರಣದಂತೆ ದಂಡಕ್ಕೆ ಹಾಗೂ ತೆರವಿಗೆ ಗುರಿಯಾಗಬೇಕಾಗುತ್ತದೆ. ಮಗ ಐಟಿಐ ಮುಗಿಸಿ ಬಂದ ಮೇಲೆ ಗ್ಯಾರೇಜು ಮಾಡುವ ಉದ್ದೇಶವಿದ್ದಲ್ಲಿ ಅದನ್ನು ಈಗಲೇ ಹೇಳಿಕೊಂಡು ಅರ್ಜಿ ಸಲ್ಲಿಸುವುದು ಲೇಸು. ಸರ್ವೆ ನಂಬರಿನ ಪೂರ್ಣ ವಿಸ್ತೀರ್ಣದ ಬದಲು ಶೆಡ್ಡು ಮತ್ತು ಅಂಗಳಕ್ಕೆ ಬೇಕಾದಷ್ಟು ಗುಂಟೆಗಳನ್ನು ಮಾತ್ರ ಪರಿವರ್ತಿಸಿಕೊಳ್ಳಬಹುದು. ಹಾಗೆ ಭಾಗಶಃ ಪರಿವರ್ತನೆ ಕೋರುವವರು 11-ಇ ನಕ್ಷೆಯನ್ನು ಮೊದಲು ಪಡೆದುಕೊಳ್ಳತಕ್ಕದ್ದು. ಇದರ ಅರ್ಜಿಯನ್ನು ನಾಡಕಚೇರಿಯಲ್ಲಿ ಸ್ವೀಕರಿಸಲಾಗುತ್ತದೆ.

ಪಹಣಿಯ 3ನೇ ಕಾಲಂ ಅನ್ನು ಎಲ್ಲರೂ ಗಮನವಿಟ್ಟು ನೋಡತಕ್ಕದ್ದು. ಅಲ್ಲಿ ‘ಅ’ ಖರಾಬು ಮತ್ತು ‘ಬ’ ಖರಾಬು ಎಂದು ಎರಡು ನಮೂದುಗಳಿರುತ್ತವೆ. ‘ಬ’ ಖರಾಬು ಎಂದರೆ ದಾರಿ, ಹಳ್ಳ, ಕಾಲುವೆ ಮುಂತಾದ ಸಾರ್ವಜನಿಕ ಉಪಯೋಗದ ಭೂಮಿ. ಇಳಿಜಾರು ಜಮೀನುಗಳಲ್ಲಿ ನೀರು ಹರಿಯುವ ತಗ್ಗು ಅನೇಕ ವೇಳೆ ಈ ‘ಬ’ ಖರಾಬಿನಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಅದು ಒಣಗಿದ ಪೊದೆಯಂತೆ ಕಾಣುವುದರಿಂದ ಮಣ್ಣು ತುಂಬಿಸಿ ಶೆಡ್ಡು ಕಟ್ಟಲು ಅದೇ ಅಗ್ಗದ ಜಾಗವೆಂದು ತೋರುತ್ತದೆ. ಅದು ತಮ್ಮ ಜಾಗವೇ ಅಲ್ಲ.

ಪರವಾನಗಿ ನೀಡುವ ಪ್ರಾಧಿಕಾರ

ಹುಳಿಯಾರು ಪಟ್ಟಣ ಪಂಚಾಯಿತಿಯ ವ್ಯಾಪ್ತಿಯೊಳಗಿನ ಸ್ವತ್ತುಗಳಿಗೆ ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ 187ನೇ ಪ್ರಕರಣದಂತೆ ಪಟ್ಟಣ ಪಂಚಾಯಿತಿಯಿಂದ ಕಟ್ಟಡ ಪರವಾನಗಿ ಪಡೆಯಬೇಕು. ಅದರ ಹೊರಗಿನ ಗ್ರಾಮಗಳಲ್ಲಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಂತೆ ಆಯಾ ಗ್ರಾಮ ಪಂಚಾಯಿತಿಯ ಅನುಮತಿ ಬೇಕಾಗುತ್ತದೆ. ಇದೇ ಅಧಿನಿಯಮದ 66ನೇ ಪ್ರಕರಣವನ್ನು ಅರ್ಜಿದಾರರು ಬಹುಮಟ್ಟಿಗೆ ಗಮನಿಸುವುದಿಲ್ಲ. ಯಾಂತ್ರಿಕ ಶಕ್ತಿ ಅಥವಾ ವಿದ್ಯುಚ್ಛಕ್ತಿಯಿಂದ ನಡೆಯುವ ಕಾರ್ಖಾನೆ, ವರ್ಕ್‌ಶಾಪು ಅಥವಾ ಕೆಲಸದ ಸ್ಥಳವನ್ನು ಸ್ಥಾಪಿಸಲು ಪಂಚಾಯಿತಿಯ ಪ್ರತ್ಯೇಕ ಅನುಮತಿ ಅಗತ್ಯವೆಂದು ಅದು ವಿಧಿಸುತ್ತದೆ. ವೆಲ್ಡಿಂಗ್ ಯಂತ್ರ, ಏರ್ ಕಂಪ್ರೆಸರ್, ಗ್ರೈಂಡರ್ ಇವುಗಳನ್ನು ಕೂರಿಸುವುದಾದರೆ ಮೂಲ ಅರ್ಜಿಯಲ್ಲಿಯೇ ಅಶ್ವಶಕ್ತಿ ಸಹಿತ ನಮೂದಿಸತಕ್ಕದ್ದು.

ಅರ್ಜಿಯೊಂದಿಗೆ ಸ್ವತ್ತಿನ ದಾಖಲೆ (ಗ್ರಾಮ ಪಂಚಾಯಿತಿ ವ್ಯಾಪ್ತಿಯ ನಿವೇಶನವಾದಲ್ಲಿ ಇ-ಸ್ವತ್ತು ನಮೂನೆ 9 ಮತ್ತು 11-ಎ, ಜಮೀನಾದಲ್ಲಿ ಪಹಣಿ), ಚಕ್ಕುಬಂದಿ ಸಹಿತ ನಕ್ಷೆ, ಚಾಲ್ತಿ ವರ್ಷದ ಕಂದಾಯ ರಸೀದಿ ಮತ್ತು ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸುವುದು. ಇಳಿಜಾರು ಜಾಗವಾದುದರಿಂದ ನಕ್ಷೆಯಲ್ಲಿ ಉದ್ದಗಲಗಳ ಜೊತೆಗೆ ನಾಲ್ಕು ಮೂಲೆಗಳ ಮಟ್ಟ, ಕಡಿಯುವ ಆಳ, ತಡೆಗೋಡೆಯ ಎತ್ತರ ಮತ್ತು ನೀರು ಹೊರಹೋಗುವ ದಿಕ್ಕನ್ನು ತೋರಿಸುವಂತೆ ಇಂಜಿನಿಯರರಿಗೆ ತಿಳಿಸುವುದು. ಇದರಿಂದ ಸ್ಥಳ ತನಿಖೆಯ ವೇಳೆ ಏಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅಲ್ಲಿಯೇ ಬಗೆಹರಿಯುತ್ತವೆ.

ಹುಳಿಯಾರಿನಲ್ಲಿ ರಾಷ್ಟ್ರೀಯ ಹೆದ್ದಾರಿ 69 ಮತ್ತು 150ಎ ಕೂಡುತ್ತವೆ. ಗಿರಾಕಿಗಳಿಗೆ ಕಾಣುವಂತೆ ಹೆದ್ದಾರಿಗೇ ಅಂಟಿಕೊಂಡು ಗ್ಯಾರೇಜು ಕಟ್ಟಬೇಕೆಂಬ ಆಸೆ ಸಹಜವಾದುದೇ. ಆದರೆ ಊರ ಹೊರಗಿನ ಬಯಲಿನಲ್ಲಿ ಹೆದ್ದಾರಿಯ ಮಧ್ಯರೇಖೆಯಿಂದ 40 ಮೀಟರ್ ಒಳಗೆ ಕಟ್ಟಡಕ್ಕೆ ಅವಕಾಶವಿರುವುದಿಲ್ಲ. ಹೆದ್ದಾರಿಯಿಂದ ದಾರಿ ಬಿಡಿಸಿಕೊಳ್ಳಲು ಹೆದ್ದಾರಿ ಪ್ರಾಧಿಕಾರದ ಅನುಮತಿಯೂ ಬೇಕು.

ಇಳಿಜಾರನ್ನು ಅಳೆಯುವ ಬಗೆ

ಕಣ್ಣಳತೆಯನ್ನು ನಂಬಬಾರದು. ಗಾರೆ ಕೆಲಸದವರು ಬಳಸುವ, ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪಿನಿಂದ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಇರುವ ವ್ಯತ್ಯಾಸವನ್ನು ಅರ್ಧ ಗಂಟೆಯಲ್ಲಿ ಅಳೆಯಬಹುದು.

ಉದಾಹರಣೆಗೆ, 40 ಅಡಿ ಉದ್ದದಲ್ಲಿ 6 ಅಡಿ ಇಳಿಯುವ ಜಾಗದಲ್ಲಿ 20 ಅಡಿ ಉದ್ದ, 12 ಅಡಿ ಅಗಲದ ಶೆಡ್ಡನ್ನು ಕಟ್ಟಬೇಕಾಗಿದೆಯೆಂದು ಭಾವಿಸುವುದು. ಶೆಡ್ಡಿನ ಉದ್ದವನ್ನು ಇಳಿಜಾರಿನ ದಿಕ್ಕಿಗೇ ಇಟ್ಟು, ಕೆಳ ಅಂಚಿನ ಮಟ್ಟಕ್ಕೆ ಪೂರ್ತಿಯಾಗಿ ಕಡಿದರೆ ಹಿಂಭಾಗದಲ್ಲಿ 3 ಅಡಿ ಎತ್ತರದ ಮಣ್ಣಿನ ಗೋಡೆ ಉಳಿಯುತ್ತದೆ ಮತ್ತು 360 ಘನ ಅಡಿ ಮಣ್ಣನ್ನು ತೆಗೆಯಬೇಕಾಗುತ್ತದೆ. ಅರ್ಧ ಕಡಿದು ಆ ಮಣ್ಣನ್ನೇ ಕೆಳಗಿನ ಅರ್ಧಕ್ಕೆ ತುಂಬಿದರೆ ತೆಗೆಯುವ ಮಣ್ಣು 90 ಘನ ಅಡಿಗೆ ಇಳಿಯುತ್ತದೆ. ಶೆಡ್ಡಿನ ಉದ್ದವನ್ನು ಬದುವಿನ ದಿಕ್ಕಿಗೆ, ಅಂದರೆ ಇಳಿಜಾರಿಗೆ ಅಡ್ಡಲಾಗಿ ತಿರುಗಿಸಿ ಇದೇ ಕ್ರಮವನ್ನು ಅನುಸರಿಸಿದರೆ 54 ಘನ ಅಡಿ ಮಾತ್ರ. ಹಿಂಭಾಗದ ಕಡಿತ ಒಂದು ಅಡಿಗೂ ಕಡಿಮೆ. ವಾಹನವೂ ಪಕ್ಕದಿಂದ ಮಟ್ಟವಾಗಿ ಒಳಬರುತ್ತದೆ. ನಕ್ಷೆಯಲ್ಲಿ ಶೆಡ್ಡನ್ನು ತಿರುಗಿಸಲು ಖರ್ಚೇನೂ ಇಲ್ಲ. ಜಮೀನಿನ ಬದುಗಳನ್ನು ಹಾಕಿದ ಹಿರಿಯರು ಅನುಸರಿಸಿದ್ದೂ ಇದೇ ಲೆಕ್ಕವನ್ನು.

ತುಂಬಿದ ಮಣ್ಣಿನ ಮೇಲೆ ಪಾಯ ಹಾಕಬಾರದು. ಕೆಳಬದಿಯ ಕಂಬಗಳ ಪಾಯವು ತುಂಬುಮಣ್ಣನ್ನು ದಾಟಿ ಮೂಲ ಗಟ್ಟಿನೆಲದವರೆಗೆ ಇಳಿದಿರತಕ್ಕದ್ದು. ತುಂಬುವಾಗ ಆರು ಅಂಗುಲದ ಪದರಗಳಾಗಿ ಹರಡಿ, ನೀರು ಹಾಕಿ, ದಿಮ್ಮಸು ಹೊಡೆಯುವುದು. ಒಂದೇ ಸಲಕ್ಕೆ ಸುರಿದ ಮಣ್ಣು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕುಸಿದು ನೆಲ ಬಿರಿಯುತ್ತದೆ. ಬಿರಿದ ನೆಲದ ಮೇಲೆ ಜಾಕ್ ಕೊಟ್ಟು ವಾಹನ ಎತ್ತಿ ಅದರಡಿ ಮಲಗುವುದು ಪ್ರಾಣಕ್ಕೆ ಅಪಾಯಕಾರಿ. ದುರಸ್ತಿ ಮಾಡುವ ಭಾಗದ ನೆಲವನ್ನು ಆದಷ್ಟು ಕಡಿದ ಬದಿಯಲ್ಲಿಯೇ, ಮಟ್ಟವಾಗಿ ಮಾಡಿಸುವುದು. ಒಳಬರುವ ದಾರಿಯ ಏರು 8 ಅಡಿಗೆ 1 ಅಡಿಯನ್ನು ಮೀರದಿರಲಿ.

ತೆಗೆದ ಮಣ್ಣನ್ನು ಸ್ವಂತ ಜಮೀನಿನಲ್ಲಿ ಬಳಸಿಕೊಳ್ಳುವುದೇ ಸೂಕ್ತ. ಹೊರಗೆ ಸಾಗಿಸಿ ಮಾರುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕಾಗುತ್ತದೆ.

ತಡೆಗೋಡೆ ಮತ್ತು ನೀರು

ಈ ಭಾಗದ ಗರಸು ಮಿಶ್ರಿತ ಕೆಂಪುಮಣ್ಣು ಮಾರ್ಚ್ ತಿಂಗಳಿನಲ್ಲಿ ನೆಟ್ಟಗೆ ಕಡಿದರೂ ಗೋಡೆಯಂತೆಯೇ ನಿಲ್ಲುತ್ತದೆ. ಇದನ್ನು ಕಂಡು ತಡೆಗೋಡೆಯನ್ನು ‘ಮುಂದಿನ ವರ್ಷ ನೋಡೋಣ’ ಎಂದು ಬಿಡುವವರು ಬಹಳ ಮಂದಿ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯಲ್ಲಿ ಅದೇ ಮಣ್ಣು ನೀರು ಕುಡಿದು ಭಾರವಾಗಿ ಮುನ್ಸೂಚನೆಯಿಲ್ಲದೆ ಜರಿಯುತ್ತದೆ. 2022ರ ಮಳೆಗಾಲದಲ್ಲಿ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದುದನ್ನು ನಾಗರಿಕರು ಸ್ಮರಿಸಬಹುದು. ಅಂತಹ ವರ್ಷವನ್ನೇ ಲೆಕ್ಕಕ್ಕೆ ಹಿಡಿದು ಯೋಜಿಸತಕ್ಕದ್ದು. ಕಡಿತ ಮತ್ತು ತಡೆಗೋಡೆ ಒಂದೇ ಬೇಸಿಗೆಯಲ್ಲಿ ಮುಗಿಯಬೇಕು. ಐದು ಅಡಿಗೂ ಆಳದ ಅಗೆತದೊಳಗೆ ಆಸರೆ ಕೊಡದೆ ಕೂಲಿಕಾರರನ್ನು ಇಳಿಸಕೂಡದು.

ನಾಲ್ಕು ಅಡಿಯವರೆಗಿನ ಗೋಡೆಯನ್ನು ಅನುಭವಸ್ಥ ಕಲ್ಲುಕೆಲಸದವರು ಸೈಜುಗಲ್ಲಿನಿಂದ ಕಟ್ಟಬಲ್ಲರು. ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬಾರದು ಮತ್ತು ಗೋಡೆಯು ಮಣ್ಣಿನ ಕಡೆಗೆ ಕೊಂಚ ವಾಲಿರಬೇಕು. ಗೋಡೆಯ ಹಿಂದೆ ಮಣ್ಣಿನ ಬದಲು ಜಲ್ಲಿಕಲ್ಲನ್ನು ತುಂಬಿ, ಸಿಮೆಂಟಿನಿಂದ ಕಟ್ಟಿದ ಗೋಡೆಯಾದಲ್ಲಿ ನೀರು ಬಸಿಯಲು ಕಿಂಡಿಗಳನ್ನು ಬಿಡುವುದು. ತಡೆಗೋಡೆಗಳು ಬೀಳುವುದು ಬಹುತೇಕ ಹಿಂದೆ ನಿಂತ ನೀರಿನ ಒತ್ತಡದಿಂದ. ಅದಕ್ಕಿಂತ ಎತ್ತರದ ಗೋಡೆಗೆ ಇಂಜಿನಿಯರರ ವಿನ್ಯಾಸ ಅನಿವಾರ್ಯ.

ಶೆಡ್ಡಿನ ಮೇಲ್ಬದಿಯಲ್ಲಿ, ಕಡಿತದ ಅಂಚಿನಿಂದ ಮೂರು ನಾಲ್ಕು ಅಡಿ ಹಿಂದೆ ಸಣ್ಣ ಕಾಲುವೆ ತೆಗೆದು ಮೇಲಿನಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸುವುದು. ಮೇಲೆ ಹೇಳಿದ ಅಳತೆಯ ಶೆಡ್ಡಿನ ಚಾವಣಿ ಸುಮಾರು 22 ಚದರ ಮೀಟರ್ ಇದ್ದು, 50 ಮಿಲಿಮೀಟರ್ ಮಳೆ ಬಿದ್ದ ದಿನ ಅದೊಂದರಿಂದಲೇ 1,100 ಲೀಟರ್ ನೀರು ಇಳಿಯುತ್ತದೆ. ಈ ನೀರನ್ನು ದೋಣಿ ಮತ್ತು ಪೈಪಿನ ಮೂಲಕ ತೆಂಗಿನ ಪಾತಿಗಳಿಗೆ ಅಥವಾ ತಗ್ಗಿನಲ್ಲಿರುವ ಇಂಗುಗುಂಡಿಗೆ ಬಿಡಬಹುದು. ಇಂಗುಗುಂಡಿಯನ್ನು ತಡೆಗೋಡೆಯ ಹಿಂದೆ ತೆಗೆಯಕೂಡದು.

ಕೆಳಗಿನ ಜಮೀನಿನವರ ವಿಷಯದಲ್ಲಿ ಎಚ್ಚರ ಅಗತ್ಯ. ಮೇಲಿನ ನೀರು ಸಹಜವಾಗಿ ಹರಡಿಕೊಂಡು ಕೆಳಗಿನ ಜಮೀನಿಗೆ ಇಳಿಯುವುದು ಪ್ರಕೃತಿಯ ಕ್ರಮ, ಕಾನೂನೂ ಅದನ್ನು ಒಪ್ಪುತ್ತದೆ. ಚಾವಣಿ, ಅಂಗಳಗಳ ನೀರನ್ನೆಲ್ಲ ಒಂದೇ ಬಾಯಿಗೆ ಕೂಡಿಸಿ ನೆರೆಯವರ ಬದುವಿನ ಮೇಲೆ ಬಿಡುವುದು ಬೇರೆಯ ಮಾತು. ಹಾಗೆಯೇ ಗಡಿಗೆ ಅಂಟಿಕೊಂಡು ಕಡಿದು ನೆರೆಯ ಜಮೀನಿನ ಮಣ್ಣಿಗಿದ್ದ ಆಸರೆಯನ್ನು ತಪ್ಪಿಸಿದರೆ ನಷ್ಟಕ್ಕೆ ಕಡಿದವರೇ ಹೊಣೆಯಾಗುತ್ತಾರೆ. ಗಡಿಯಿಂದ ಕಡಿತದ ಆಳದಷ್ಟಾದರೂ ದೂರ ಬಿಡುವುದು ಒಳಿತು. ಅರ್ಜಿಗೆ ಮುನ್ನ ನೆರೆಯವರನ್ನು ಸ್ಥಳಕ್ಕೆ ಕರೆದು ತೋರಿಸುವುದನ್ನು ಯಾವ ನಿಯಮವೂ ಕಡ್ಡಾಯಗೊಳಿಸಿಲ್ಲ. ಆದರೂ ಬದುವಿನ ವ್ಯಾಜ್ಯಗಳು ಎಷ್ಟು ಕಾಲ ನಡೆಯುತ್ತವೆಂಬುದು ಈ ಭಾಗದವರಿಗೆ ಹೇಳಬೇಕಾದುದಲ್ಲ.

ತೆಂಗಿನ ಮರ, ಕೊಬ್ಬರಿ ಅಟ್ಟ

ತೆಂಗಿನ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಎರಡು ಮೀಟರ್ ಸುತ್ತಳತೆಯೊಳಗೆ ಹರಡಿರುತ್ತವೆ. ಅದರೊಳಗೆ ಅಗೆದರೆ ಮರವು ಆಹಾರ ಮತ್ತು ಆಸರೆ ಎರಡನ್ನೂ ಕಳೆದುಕೊಳ್ಳುತ್ತದೆ. ಅಣಬೆ ರೋಗವಿರುವ ತೋಟಗಳಲ್ಲಿ ಗಾಯಗೊಂಡ ಬೇರು ಮತ್ತಷ್ಟು ಅಪಾಯಕಾರಿ. ಮರಗಳಿಂದ ದೂರವಿದ್ದಷ್ಟೂ ಕಾಯಿ, ಗರಿ ಬಿದ್ದು ಸಿಮೆಂಟ್ ಶೀಟು ಒಡೆಯುವ ತೊಂದರೆಯೂ ತಪ್ಪುತ್ತದೆ.

ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಇಡುವ ಮನೆಗಳಲ್ಲಿ ಅದೇ ಅಟ್ಟದ ಕೆಳಗೆ ದುರಸ್ತಿ ಕೊಠಡಿ ಮಾಡಿಕೊಳ್ಳುವುದು ಸುಲಭವೆಂದು ತೋರುತ್ತದೆ. ಇದನ್ನು ಖಂಡಿತವಾಗಿ ಮಾಡಕೂಡದು. ಮಟ್ಟೆ, ನಾರು ಮತ್ತು ಎಣ್ಣೆಯಂಶವಿರುವ ಕೊಬ್ಬರಿಗೆ ವೆಲ್ಡಿಂಗ್ ಅಥವಾ ಗ್ರೈಂಡರಿನ ಒಂದು ಕಿಡಿ ಸಾಕು. ಸುಟ್ಟುಹೋಗುವುದು ಒಂದು ವರ್ಷದ ಆದಾಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿದ್ದು ತಗ್ಗಿಗೆ ಹರಿಯುತ್ತದೆ. ಆದ್ದರಿಂದ ಇಳಿಜಾರಿನಲ್ಲಿ ದುರಸ್ತಿ ಕೊಠಡಿಯನ್ನು ಅಡಿಗೆಮನೆಯ ಮೇಲ್ಬದಿಯಲ್ಲಿ ಕಟ್ಟುವುದು ಸೂಕ್ತವಲ್ಲ.

ಬಳಸಿದ ಇಂಜಿನ್ ಎಣ್ಣೆಯು 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಡಬ್ಬಿಯಲ್ಲಿ ಸಂಗ್ರಹಿಸಿ ಅಧಿಕೃತ ಸಂಸ್ಕರಣೆದಾರರಿಗೆ ನೀಡಬೇಕು. ಚರಂಡಿಗೆ ಬಿಟ್ಟ ಎಣ್ಣೆ ಇಳಿಜಾರಿನಲ್ಲಿ ಹರಿದು ಕೆಳಗಿನವರ ಬಾವಿಯನ್ನು ಸೇರುತ್ತದೆ. ಕಸುಬಿನ ಗ್ಯಾರೇಜು ನಡೆಸುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

ವಿದ್ಯುತ್ ಸಂಪರ್ಕ

ನೀರಾವರಿ ಪಂಪ್‌ಸೆಟ್ಟಿಗೆ ನೀಡಿರುವ ಉಚಿತ ವಿದ್ಯುತ್ತಿನಿಂದ ವೆಲ್ಡಿಂಗ್ ಯಂತ್ರ ನಡೆಸುವುದು ವಿದ್ಯುಚ್ಛಕ್ತಿ ಅಧಿನಿಯಮ, 2003ರ 126ನೇ ಪ್ರಕರಣದಂತೆ ಅನಧಿಕೃತ ಬಳಕೆಯಾಗಿದ್ದು, ಅನ್ವಯವಾಗುವ ದರದ ಎರಡು ಪಟ್ಟು ವಸೂಲಿಗೆ ಅವಕಾಶವಿದೆ. ಬೆಸ್ಕಾಂ ಉಪವಿಭಾಗದಲ್ಲಿ ಬಳಕೆಗೆ ತಕ್ಕ ಸಂಪರ್ಕ ಪಡೆಯುವುದು. ಗರಸು ನೆಲ ಬೇಗ ಒಣಗುವುದರಿಂದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು.

ಅರ್ಜಿ ಸಲ್ಲಿಸಿದ ನಂತರ

ಕಟ್ಟಡ ಪರವಾನಗಿಯು 2011ರ ಸಕಾಲ ಅಧಿನಿಯಮದಡಿ ಅಧಿಸೂಚಿತ ಸೇವೆಯಾಗಿರುತ್ತದೆ. ಅರ್ಜಿ ನೀಡಿದ ಕೂಡಲೇ 15 ಅಂಕಿಗಳ ಸಕಾಲ ಸಂಖ್ಯೆಯಿರುವ ಸ್ವೀಕೃತಿಯನ್ನು ಕೇಳಿ ಪಡೆಯುವುದು. ಇದಿಲ್ಲದೆ ವಿಳಂಬವನ್ನು ಪ್ರಶ್ನಿಸುವುದು ಕಷ್ಟ. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಅವಕಾಶವಿದೆ.

ಹೆಚ್ಚಿನ ಮಾಹಿತಿಗಾಗಿ ಆಯಾ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯವರನ್ನು, ಪಟ್ಟಣ ವ್ಯಾಪ್ತಿಯವರು ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿಯವರನ್ನು, ಪಹಣಿ ಮತ್ತು ನಕ್ಷೆಯ ವಿಷಯಗಳಿಗೆ ಹುಳಿಯಾರು ನಾಡಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.