ಜ್ವರ ಬಂದಾಗ ತುಟಿಯಲ್ಲೇ ಗುಳ್ಳೆ ಏಕೆ?

ಪ್ರಶ್ನೆ: ಜ್ವರ ಬಂದಾಗಲೆಲ್ಲ ತುಟಿಯಂಚಿನ ಅದೇ ಜಾಗದಲ್ಲಿ ನೀರುಗುಳ್ಳೆ ಏಳುತ್ತದೆ. ಮನೆಯಲ್ಲಿ ‘ಉಷ್ಣ’ ಎನ್ನುತ್ತಾರೆ. ನಿಜವೇ?

ಉತ್ತರ: ಪಾಪ, ಉಷ್ಣದ ಮೇಲೆ ಸುಮ್ಮನೆ ಅಪವಾದ! ಇದು ಬಹುಮಟ್ಟಿಗೆ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಮೊದಲ ಬಗೆಯ (ಎಚ್‌ಎಸ್‌ವಿ-1) ಕೆಲಸ. ಸಾಮಾನ್ಯವಾಗಿ ಬಾಲ್ಯದಲ್ಲೇ, ಯಾರೋ ಕೊಟ್ಟ ಮುತ್ತಿನ ಜೊತೆ ಒಳಸೇರಿರುತ್ತದೆ. ಗುಳ್ಳೆ ಮಾಯ್ದರೂ ವೈರಸ್ ಹೋಗುವುದಿಲ್ಲ. ನರದ ಗುಂಟ ಹಿಂದೆ ಸಾಗಿ, ತಲೆಬುರುಡೆಯೊಳಗಿನ ಟ್ರೈಜೆಮಿನಲ್ ನರಗಂಟಿನಲ್ಲಿ ಅಡಗಿ ಕೂರುತ್ತದೆ. ಜ್ವರ, ಬಿರುಬಿಸಿಲು, ದಣಿವು, ಮುಟ್ಟು ಹೀಗೆ ಏನಾದರೂ ನೆಪ ಸಿಕ್ಕಾಗ ಅದೇ ನರದಲ್ಲಿ ಇಳಿದು ಬರುತ್ತದೆ. ಜಾಗ ಬದಲಾಗದಿರುವುದು ಅದಕ್ಕೇ.

ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು ಮೂರನೇ ಎರಡು ಪಾಲು ಜನರಲ್ಲಿ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ನಾಚಿಕೊಳ್ಳುವ ಸಂಗತಿಯೇನಲ್ಲ. ಹರಡುವುದು ಎಂಜಲು, ಚರ್ಮದ ನೇರ ಸ್ಪರ್ಶದಿಂದ. ಗುಳ್ಳೆಯಿಲ್ಲದ ದಿನವೂ ಹರಡಬಹುದು. ಎರಡನೇ ಬಗೆಯಾದ ಎಚ್‌ಎಸ್‌ವಿ-2 ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಬರುತ್ತದೆ. ಬಾಯಿಯ ವೈರಸ್ಸೂ ಜನನಾಂಗಕ್ಕೆ ದಾಟಬಲ್ಲದು. ಹೆಸರಲ್ಲಿ ‘ಹರ್ಪಿಸ್’ ಇದ್ದರೂ ಸರ್ಪಸುತ್ತಿನ ವೈರಸ್ ಬೇರೆ.

ಅಸೈಕ್ಲೋವಿರ್ ಔಷಧ ಗುಳ್ಳೆಯನ್ನು ಬೇಗ ಅಡಗಿಸೀತು, ವೈರಸ್ಸನ್ನು ಬೇರುಸಹಿತ ಕೀಳಲಾರದು. ಗುಳ್ಳೆಯಿದ್ದಾಗ ಎಳೆಗೂಸಿಗೆ ಮುತ್ತು ಕೊಡಬೇಡಿ, ನವಜಾತ ಶಿಶುವಿಗೆ ಇದು ಪ್ರಾಣಾಪಾಯ. ಕಣ್ಣು ಕೆಂಪಾಗಿ ನೋಯತೊಡಗಿದರೆ ಅಂದೇ ಕಣ್ಣಿನ ವೈದ್ಯರನ್ನು ಕಾಣಿ.