ಉದ್ಯೋಗ ಜಾಲತಾಣದಲ್ಲಿ ಪರಿಚಯ ಬೆಳೆಸುವ ಬಗೆ: ವಿಶಾಖಪಟ್ಟಣ, ವಿಜಯವಾಡಗಳತ್ತ ಹೊರಟವರಿಗೆ

ಉದ್ಯೋಗ ನಿಮಿತ್ತ ಊರು ಬಿಟ್ಟು ಬಂದ ಹೊರನಾಡ ಕನ್ನಡಿಗರಿಗೆ ಪರಿಚಯದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದೆ ಹೊಸ ನಗರದಲ್ಲಿ ರೈಲಿನಿಂದಿಳಿದವರು ಊರಿನ ಹಿರಿಯರು ಬರೆದುಕೊಟ್ಟ ಪತ್ರವನ್ನು ಹಿಡಿದು ಯಾರದೋ ಮನೆಯ ಬಾಗಿಲು ತಟ್ಟುತ್ತಿದ್ದರು. ಆ ಪತ್ರದ ಕೆಲಸವನ್ನು ಇಂದು ಬಹುಮಟ್ಟಿಗೆ ಲಿಂಕ್ಡ್‌ಇನ್ ಎಂಬ ಜಾಲತಾಣ ಮಾಡುತ್ತಿದೆ. 2003ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆರಂಭವಾದ ಈ ತಾಣ 2016ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಪಾಲಾಯಿತು.

ಈಗ ಇದನ್ನು ಪ್ರಸ್ತಾಪಿಸಲು ಕಾರಣವಿದೆ. ಬೆಂಗಳೂರು, ಹೈದರಾಬಾದುಗಳನ್ನಷ್ಟೇ ನೆಚ್ಚಿಕೊಂಡಿದ್ದ ನಮ್ಮ ತರುಣರಿಗೆ ಆಂಧ್ರದ ಕರಾವಳಿಯಲ್ಲೂ ಬಾಗಿಲು ತೆರೆಯುತ್ತಿದೆ. ವಿಶಾಖಪಟ್ಟಣದಲ್ಲಿ 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಕಚೇರಿ ಉದ್ಘಾಟನೆಯಾಯಿತು. ಅಲ್ಲಿ ಐದು ವರ್ಷಗಳಲ್ಲಿ 1500 ಕೋಟಿ ಡಾಲರ್ ತೊಡಗಿಸುವುದಾಗಿ 2025ರ ಅಕ್ಟೋಬರಿನಲ್ಲಿ ಗೂಗಲ್ ಪ್ರಕಟಿಸಿತು. ವಿಜಯವಾಡದ ಬಳಿ ಗನ್ನವರಂ ಸಮೀಪದಲ್ಲಿ ಎಚ್‌ಸಿಎಲ್ ಸಂಸ್ಥೆಯಿದೆ. ಆದರೆ ಈ ನಗರಗಳಲ್ಲಿ ನೆಂಟರಾಗಲಿ ಸಹಪಾಠಿಗಳಾಗಲಿ ಇಲ್ಲದವರು ಎಲ್ಲಿಂದ ಆರಂಭಿಸಬೇಕು?

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನ ಇಲ್ಲಿ ನೆರವಾಗುತ್ತದೆ. ಪರಿಚಿತರ ಮೂಲಕ ಕೆಲಸ ಪಡೆದವರನ್ನು ಅವರು ವಿಚಾರಿಸಿದಾಗ, ನೂರಕ್ಕೆ ಸುಮಾರು 83 ಮಂದಿಗೆ ಸುದ್ದಿ ಕೊಟ್ಟವರು ಆಪ್ತಮಿತ್ರರಲ್ಲ, ಆಗೊಮ್ಮೆ ಈಗೊಮ್ಮೆ ಕಾಣುವವರು ಎಂದು ತಿಳಿದುಬಂತು. ಕಾರಣ ಸರಳ. ಆಪ್ತರಿಗೆ ತಿಳಿದಿರುವುದು ನಮಗೂ ತಿಳಿದಿರುತ್ತದೆ. ಹೊಸ ಸುದ್ದಿ ಬರುವುದು ದೂರದ ಪರಿಚಯದಿಂದ.

ಆದ್ದರಿಂದ ಮೊದಲು ಹಳೆಯ ಪರಿಚಯಗಳನ್ನು ಕೂಡಿಸಿಕೊಳ್ಳಬೇಕು: ಓದಿದ ಕಾಲೇಜಿನವರು, ಹಿಂದಿನ ಕಚೇರಿಯವರು, ಸಂಘದ ಕಾರ್ಯಕ್ರಮಗಳಲ್ಲಿ ಕಂಡವರು. ಬಳಿಕ ತಾಣದ ಹುಡುಕುವ ಸ್ಥಳದಲ್ಲಿ ನಮ್ಮ ಕಾಲೇಜಿನ ಪುಟ ತೆರೆದು, ಅಲ್ಲಿ ಓದಿದವರಲ್ಲಿ ವಿಶಾಖಪಟ್ಟಣದಲ್ಲಿರುವವರನ್ನು ಬೇರ್ಪಡಿಸಿ ನೋಡಬಹುದು. ನಮಗೂ ಅವರಿಗೂ ಸಮಾನ ಪರಿಚಿತರಿದ್ದರೆ ತಾಣವೇ ಅದನ್ನು ತೋರಿಸುತ್ತದೆ. ಅಂಥವರ ಮೂಲಕ ಹೋಗುವುದು ಉತ್ತಮ.

ಆಹ್ವಾನ ಕಳುಹಿಸುವಾಗ ಎರಡು ಸಾಲು ಬರೆಯುವುದನ್ನು ಮರೆಯಬಾರದು. ನಾವು ಯಾರು, ಅವರನ್ನೇ ಏಕೆ ಹುಡುಕಿದೆವು, ಏನು ತಿಳಿಯಬೇಕಾಗಿದೆ ಎಂಬಿಷ್ಟು ಸಾಕು. "ನನಗೊಂದು ಕೆಲಸ ಕೊಡಿಸಿ" ಎಂಬ ಪತ್ರಕ್ಕೆ ಉತ್ತರ ಬರುವುದು ವಿರಳ. "ಬಂದರಿಗೆ ಸಂಬಂಧಿಸಿದ ಕೆಲಸಕ್ಕೆ ಯಾವ ತರಬೇತಿ ಬೇಕಾಗುತ್ತದೆ?" ಎಂಬ ಪ್ರಶ್ನೆಗೆ ಬಲ್ಲವರು ಸಂತೋಷದಿಂದ ಉತ್ತರಿಸುತ್ತಾರೆ. ತೆಲುಗರನ್ನು ಸಂಬೋಧಿಸುವಾಗ ಹೆಸರಿನ ನಂತರ 'ಗಾರು' ಸೇರಿಸುವುದು ಅಲ್ಲಿನ ಮರ್ಯಾದೆ. ನಮಗೆ ತೆಲುಗು ಬರುತ್ತಿದ್ದರೆ ಪರಿಚಯ ಪುಟದ ಭಾಷೆಗಳ ವಿಭಾಗದಲ್ಲಿ ಕನ್ನಡದೊಡನೆ ಅದನ್ನೂ ನಮೂದಿಸಬೇಕು.

ತಾಣದ ಮಿತಿಯನ್ನೂ ಅರಿತಿರಬೇಕು. ಉಕ್ಕಿನ ಕಾರ್ಖಾನೆ, ಹಡಗುಕಟ್ಟೆಯಂಥ ಸರ್ಕಾರಿ ಉದ್ದಿಮೆಗಳಲ್ಲಿ ನೇಮಕಾತಿ ಪ್ರಕಟಣೆಯ ಮೂಲಕವೇ ನಡೆಯುತ್ತದೆ. ಅಲ್ಲಿ ಪರಿಚಯ ಸುದ್ದಿಯನ್ನು ತರಬಲ್ಲದೇ ಹೊರತು ಹುದ್ದೆಯನ್ನಲ್ಲ. ವಿಜಯವಾಡದ ಆಟೋನಗರದ ವರ್ಕ್‌ಶಾಪುಗಳಂಥ ಕಡೆ ಪರದೆಗಿಂತ ಮುಖಾಮುಖಿ ಮಾತಿಗೇ ಹೆಚ್ಚು ಬೆಲೆ.

ಇನ್ನು ಎಚ್ಚರಿಕೆಯ ಮಾತು. ಸಿಂಗಪುರದಲ್ಲಿ ಡೇಟಾ ಎಂಟ್ರಿ ಕೆಲಸವೆಂದು ನಂಬಿಸಿ, ತರುಣರನ್ನು ಕಾಂಬೋಡಿಯಾಕ್ಕೆ ಸಾಗಿಸಿ, ಅಲ್ಲಿ ಅವರಿಂದ ಬಲವಂತವಾಗಿ ಸೈಬರ್ ವಂಚನೆ ಮಾಡಿಸುತ್ತಿದ್ದ ಜಾಲವನ್ನು 2024ರ ಮೇ ತಿಂಗಳಲ್ಲಿ ವಿಶಾಖಪಟ್ಟಣದ ಪೊಲೀಸರು ಬಯಲಿಗೆಳೆದರು. ಅದೇ ತಿಂಗಳು ಅಲ್ಲಿನ ಭಾರತೀಯ ರಾಯಭಾರ ಕಚೇರಿ ಮೊದಲ ತಂಡವಾಗಿ 60 ಮಂದಿಯನ್ನು ಸ್ವದೇಶಕ್ಕೆ ಕಳುಹಿಸಿತು. ಕೆಲಸದ ಆಸೆಯಿಂದ ಏಜೆಂಟರ ಮಾತನ್ನು ನಂಬಿದ್ದೇ ಆ ತರುಣರಿಗೆ ಮುಳುವಾಯಿತು. ಲಿಂಕ್ಡ್‌ಇನ್ ತಾಣದಲ್ಲೂ ಸುಳ್ಳು ಹೆಸರಿನ ನೇಮಕಾತಿದಾರರಿದ್ದಾರೆ.

ಕೆಲಸದ ಕೊಡುಗೆ ಬಂದಾಗ ಆ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಹುದ್ದೆಯ ಪ್ರಕಟಣೆ ಇದೆಯೇ ಎಂದು ನೋಡಬೇಕು; ಅಲ್ಲಿ ದುಡಿಯುತ್ತಿರುವ ಒಬ್ಬರನ್ನಾದರೂ ನೇರವಾಗಿ ಕೇಳಬೇಕು. ಸಂದರ್ಶನಕ್ಕೆ, ತರಬೇತಿಗೆ ಎಂದು ಮುಂಗಡ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ವಿದೇಶದ ಕೆಲಸವಾದರೆ ಏಜೆಂಟರ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಬೇಕು. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಐನೂರು ಅಪರಿಚಿತ ಹೆಸರುಗಳನ್ನು ಕೂಡಿಹಾಕಿದರೆ ಅದು ಪರಿಚಯವಾಗದು. "ಈ ಸಂಸ್ಥೆ ನಿಜವೇ?" ಎಂದು ಕೇಳಿದಾಗ ಸತ್ಯ ಹೇಳುವ ಹತ್ತು ಜನರಿದ್ದರೆ ಅದೇ ನಿಜವಾದ ಜಾಲ. ಹಾಗೆಯೇ ನಾಳೆ ಅಪರಿಚಿತ ಕನ್ನಡಿಗನೊಬ್ಬ ನಮ್ಮನ್ನು ಕೇಳಿ ಎರಡು ಸಾಲು ಬರೆದಾಗ ಉತ್ತರಿಸುವುದು ನಮ್ಮ ಕರ್ತವ್ಯ. ಹಿಂದೆ ನಮ್ಮ ಕೈಯಲ್ಲಿದ್ದ ಪತ್ರವನ್ನು ಓದಿ ಯಾರೋ ಬಾಗಿಲು ತೆರೆದಿದ್ದರು.